ನಿಮಗಿದು ಗೊತ್ತೆ? ನಂದಿ ತಪ್ಪಲಿನ ಫ್ರೆಂಚ್ ದ್ರಾಕ್ಷಿಗೆ ಮಾಘ–ಫಾಲ್ಗುಣದ ಕೊಯ್ಲು

ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಬರುವ ಕ್ಯಾಬರ್ನೆ ಸಾವಿನ್ಯೋ ಎಂಬ ಕಪ್ಪು ದ್ರಾಕ್ಷಿಯನ್ನು ನಂದಿಬೆಟ್ಟದ ತಪ್ಪಲಿನಲ್ಲಿ ಕೊಯ್ಯುವುದು ಫೆಬ್ರುವರಿ–ಮಾರ್ಚ್‌ನಲ್ಲಿ. ಅಲ್ಲಿ ಚಳಿಗೆ ಎಲೆಯುದುರಿಸಿ ಸುಪ್ತವಾಗುವ ಬಳ್ಳಿ ಇಲ್ಲಿ ವರ್ಷವಿಡೀ ಚಿಗುರುವುದರಿಂದ, ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಸವರಿ ಒಂದೇ ಬೆಳೆ ಪಡೆಯಲಾಗುತ್ತದೆ. 1988ರಲ್ಲಿ ಆರಂಭವಾದ ಇಲ್ಲಿನ ಗ್ರೋವರ್ ವೈನ್ ಸಂಸ್ಥೆಗೆ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಷೆಲ್ ರೋಲಾನ್ ಸಲಹೆಗಾರರಾಗಿದ್ದರು. ಈ ದ್ರಾಕ್ಷಿಯಿಂದ ಮಾಡುವ ಕೆಂಪು ವೈನನ್ನು ಸವಿಯುವವರು ಗಮನವಿಟ್ಟು ಅಳೆಯುವ ಟ್ಯಾನಿನ್, ಅಂದರೆ ಹಣ್ಣಿನ ಸಿಪ್ಪೆ ಮತ್ತು ಬೀಜಗಳಿಂದ ರಸಕ್ಕಿಳಿಯುವ ಒಗರು, ಹಸಿ ಅಡಿಕೆ ಅಗಿದಾಗ ನಾಲಿಗೆಯನ್ನು ಹಿಡಿಯುವ ಒಗರಿನ ಜಾತಿಯದೇ ಆಗಿದ್ದು, ಅದನ್ನು ದೋಷವೆಂದು ಎಣಿಸುವುದು ಸರಿಯಲ್ಲ. ಉತ್ತಮ ವೈನಿನಲ್ಲಿ ವರ್ಷಗಳು ಕಳೆದಂತೆ ಈ ಒಗರು ಮೃದುವಾಗುತ್ತದೆ.