ಗಟ ನಂಬರ 12 ಅಂಕಿಯೋ, ಅಕ್ಷರವೋ?

ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಬಾಲಗಾಂವದಲ್ಲಿ ಹೊಲದ ಉತಾರಕ್ಕೆ ಎರಡು ಅಂಕಿಗಳದೇ ಹೆಸರು: ಸಾತ್‌ಬಾರಾ. ಗ್ರಾಮ ನಮೂನೆ 7ರಲ್ಲಿ ಹಕ್ಕುದಾರರು, 12ರಲ್ಲಿ ಬೆಳೆ. ಹೊಲದ ಗುರುತು ಗಟ ನಂಬರ. ಅಣ್ಣತಮ್ಮಂದಿರು ಪಾಲಾದರೆ ಗಟ 12 ಒಡೆದು 12/1, 12/2 ಆಗುತ್ತದೆ. ನೋಡಲು ಅಂಕಿಯೇ, ಆದರೆ ಗಟ ನಂಬರುಗಳನ್ನು ಯಾರಾದರೂ ಕೂಡಿಸುತ್ತಾರೆಯೇ? ಇಂಥ ಗುರುತನ್ನು ಡೇಟಾಬೇಸಿನಲ್ಲಿ ಪಠ್ಯವಾಗಿಯೇ ಇಡಬೇಕು.

ಡೇಟಾಬೇಸಿನ ಪ್ರತಿ ಕಾಲಮ್ಮಿಗೂ ಒಂದು ಟೈಪ್ ಇರುತ್ತದೆ: ಪೂರ್ಣಾಂಕ, ದಶಮಾಂಶ, ಪಠ್ಯ, ದಿನಾಂಕ. ಪೂರ್ಣಾಂಕವಾದ 12 ಸಾಮಾನ್ಯವಾಗಿ 4 ಬೈಟುಗಳಲ್ಲಿ ಕೂರುತ್ತದೆ. ಪಠ್ಯವಾದ '12' ಎಂದರೆ 49, 50 ಎಂಬ ಎರಡು ಸಂಕೇತಗಳು ಅಷ್ಟೇ. ಅದನ್ನು ಸಂಖ್ಯೆ ಮಾಡಲು ಪ್ರತಿ ಸಂಕೇತದಿಂದ 48 ಕಳೆದು, ಹಿಂದಿನದನ್ನು ಹತ್ತರಿಂದ ಗುಣಿಸಿ ಕೂಡಿಸಬೇಕು. ಕನ್ನಡದ '೧೨' ಕೊಟ್ಟರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಒಪ್ಪದೆ ದೋಷ ತೋರಿಸುತ್ತದೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಅದನ್ನು ಸೊನ್ನೆ ಎಂದು ಓದುತ್ತದೆ.

ಬಹಳ ಜನ ಎಡವುವುದು ಇನ್ನೊಂದು ಕಡೆ. ಗಟ ಕಾಲಂ ಪಠ್ಯವಾಗಿರಲಿ, ಅದರ ಮೇಲೆ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಜೋಡಿಸಿಟ್ಟ ಪಟ್ಟಿ, ಕೂಡ ಇರಲಿ. ಹುಡುಕುವಾಗ ಉದ್ಧರಣ ಚಿಹ್ನೆ ಮರೆತು ಗಟ = 12 ಎಂದು ಬರೆದಿರಿ ಎನ್ನಿ. 'ನಾನು ಕೊಟ್ಟ 12 ಪಠ್ಯವಾಗಿ ಬದಲಾಗುತ್ತದೆ' ಎಂದೇ ಹೆಚ್ಚಿನವರ ನಂಬಿಕೆ. ಮೈಎಸ್‌ಕ್ಯೂಎಲ್ಲಿನಲ್ಲಿ ಆಗುವುದು ತಿರುವುಮುರುವು. ಬದಲಾಗುವುದು ಕಾಲಂ, ಅದೂ ಸಾಲು ಸಾಲಾಗಿ. '12/1' ಓದುತ್ತಾ ಓರೆಗೆರೆ ಸಿಕ್ಕಲ್ಲಿ ನಿಂತು 12 ಎಂದುಕೊಳ್ಳುತ್ತದೆ. ಹೀಗಾಗಿ ಒಬ್ಬನ ಹೊಲ ಕೇಳಿದರೆ ತಮ್ಮಂದಿರ ಪಾಲುಗಳೂ ಬರುತ್ತವೆ. ಇಂಡೆಕ್ಸಿಗೂ ಕೆಲಸವಿಲ್ಲ. ಅದು ಅಕ್ಷರಗಳ ಕ್ರಮದಲ್ಲಿ ಜೋಡಿಸಿದ್ದು: 100 ಮೊದಲು, 12 ಆಮೇಲೆ, 2 ಕೊನೆಗೆ. '12', '012', '12/1' ಮೂರೂ ಸಂಖ್ಯೆಯಾಗಿ 12, ಆದರೆ ಇಂಡೆಕ್ಸಿನಲ್ಲಿ ಅವುಗಳ ಜಾಗ ಬೇರೆ ಬೇರೆ. ಎಲ್ಲ ಸಾಲುಗಳನ್ನೂ ತಡಕದೆ ದಾರಿಯಿಲ್ಲ. ಕಾಲಂ ಪೂರ್ಣಾಂಕವಾಗಿದ್ದು ನೀವು '12' ಎಂದು ಪಠ್ಯ ಕೊಟ್ಟಿದ್ದರೆ ತೊಂದರೆಯಿರಲಿಲ್ಲ; ಆ ಒಂದು ಬೆಲೆಯನ್ನು ಒಮ್ಮೆ ಬದಲಿಸಿದರೆ ಸಾಕು.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಟೈಪುಗಳಿಗೆ ಹಿರಿತನದ ಪಟ್ಟಿಯೇ ಇದೆ. ಕಿರಿಯದು ಹಿರಿಯದಾಗಿ ಬದಲಾಗಬೇಕು, ಪೂರ್ಣಾಂಕ ಪಠ್ಯಕ್ಕಿಂತ ಹಿರಿಯ. '12/1' ಎದುರಾದರೆ ದೋಷ. ಪೋಸ್ಟ್‌ಗ್ರೆಸ್ ಈ ಹೋಲಿಕೆಯನ್ನು ನಡೆಸುವ ಮೊದಲೇ ನಿರಾಕರಿಸುತ್ತದೆ. ನನಗೆ ಅದರ ಒಳಗುಟ್ಟು ತುಂಬ ಇಷ್ಟ: ಯಾವುದರಿಂದ ಯಾವುದಕ್ಕೆ, ಯಾವ ಫಂಕ್ಷನ್ ಮೂಲಕ, ಕೇಳದೆಯೇ ಬದಲಿಸಬಹುದೋ ಅಥವಾ ಹೇಳಿದಾಗ ಮಾತ್ರವೋ ಎಂಬುದು ಬಹುಮಟ್ಟಿಗೆ ಪಿಜಿ_ಕ್ಯಾಸ್ಟ್ ಎಂಬ ಕೋಷ್ಟಕದಲ್ಲೇ ಇದೆ. ರೂಪಾಂತರದ ನಿಯಮಗಳೂ ಅಲ್ಲಿ ಸಾಲುಗಳೇ! ಕೇಳದೆಯೇ ಪಠ್ಯವಾಗಿಸುತ್ತಿದ್ದ ಹಲವು ರೂಪಾಂತರಗಳನ್ನು 2008ರ 8.3ನೇ ಆವೃತ್ತಿಯಲ್ಲಿ ತೆಗೆದರು. ಆಗ ಹಳೆಯ ಪ್ರೋಗ್ರಾಮುಗಳು ಮುರಿದವು, ಆದರೂ ಅದು ಒಳ್ಳೆಯ ತೀರ್ಮಾನವೆಂದೇ ನನ್ನ ಅಭಿಪ್ರಾಯ.

ಯಾವ ನಿಯಮಕ್ಕೂ ಸಿಗದ ರೂಪಾಂತರವೂ ಒಂದಿದೆ, ಗಡಿಯವರಿಗೆ ಗೊತ್ತಿರುವಂಥದ್ದು. ಬಾಲಗಾಂವದ ಉತಾರದಲ್ಲಿ ಕ್ಷೇತ್ರ ಹೆಕ್ಟೇರ್-ಆರ್ ಲೆಕ್ಕದಲ್ಲಿ; 100 ಆರಿಗೆ ಒಂದು ಹೆಕ್ಟೇರ್, ಹಾಗಾಗಿ 2.20 ನಿಜವಾದ ದಶಮಾಂಶ. ಗಡಿ ದಾಟಿ ವಿಜಯಪುರ ಜಿಲ್ಲೆಗೆ ಬಂದರೆ ಎಕರೆ-ಗುಂಟೆ. 40 ಗುಂಟೆಗೆ ಒಂದು ಎಕರೆ. ಇಲ್ಲಿ 2.20 ಎಂದು ಬರೆದರೆ ಎರಡೂವರೆ ಎಕರೆ. ದಶಮಾಂಶ ಕಾಲಮ್ಮಿನಲ್ಲಿ ಅಂಥ ಎರಡನ್ನು ಕೂಡಿಸಿ, 4.40 ಬರುತ್ತದೆ, ಹೊಲದಲ್ಲಿರುವುದು ಐದು ಎಕರೆ. ಡೇಟಾಬೇಸ್ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಟೈಪ್ ಸರಿಯಾಗಿಯೇ ಇದೆಯಲ್ಲ.

ಗಡಿಯ ಎರಡೂ ಬದಿಯ ಹೊಲಗಳನ್ನು ಮೈಎಸ್‌ಕ್ಯೂಎಲ್ಲಿನ ಒಂದೇ ಕೋಷ್ಟಕದಲ್ಲಿಟ್ಟು ನೋಡಿ. ಎಕರೆಗೂ ಗುಂಟೆಗೂ ಬೇರೆ ಬೇರೆ ಪೂರ್ಣಾಂಕ ಕಾಲಂ ಮಾಡಿ, ಗಟ ನಂಬರನ್ನು ಉದ್ಧರಣ ಚಿಹ್ನೆಯೊಂದಿಗೆ ಒಮ್ಮೆ, ಇಲ್ಲದೆ ಒಮ್ಮೆ ಹುಡುಕಿ. ಪ್ರತಿ ಸಲವೂ ಪ್ರಶ್ನೆಯ ಮುಂದೆ ಎಕ್ಸ್‌ಪ್ಲೇನ್ ಎಂದು ಸೇರಿಸಿ, ಇಂಡೆಕ್ಸ್ ಬಳಕೆಯಾಯಿತೇ ಎಂದು ಓದಿ.