ಹೊಲ ಬರಿದಾದಾಗ ಹಿತ್ತಲ ಹೂವು

ಶಿವರಾತ್ರಿ ಹೊತ್ತಿಗೆ ರಾಯಚೂರು ತಾಲೂಕಿನ ಗುಂಜಹಳ್ಳಿ ಸೀಮೆಯ ಎರೆಹೊಲಗಳು ಬಣ್ಣ ಕಳೆದುಕೊಳ್ಳುತ್ತವೆ. ತೊಗರಿ ರಾಶಿಯಾಗಿ ಮನೆ ಸೇರಿರುತ್ತದೆ, ಬಿಳಿಜೋಳ ಕೊಯ್ಲಿಗೆ ಬಂದಿರುತ್ತದೆ, ಹತ್ತಿಕಟ್ಟಿಗೆ ಒಣಗಿ ನಿಂತಿರುತ್ತದೆ. ಮನುಷ್ಯರಿಗೆ ಅದು ಸುಗ್ಗಿ. ಜೇನಿಗೆ ಹಸಿವಿನ ದಿನಗಳ ಶುರು.

ಆಗ ಅದರ ಕೈಹಿಡಿಯುವುದು ಹಿತ್ತಲ ನುಗ್ಗೆ. ಎಲೆ ಉದುರಿದ ರೆಂಬೆಗಳ ತುಂಬ ಕೆನೆಬಣ್ಣದ ಗೊಂಚಲು. ಎಳೆಬಿಸಿಲು ತಾಗುತ್ತಲೇ ಇಡೀ ಮರ ಗುಂಯ್‌ಗುಡುತ್ತದೆ. ಯುಗಾದಿ ಬರುವಷ್ಟರಲ್ಲಿ ಬೇವು, ಅದರ ಬೆನ್ನಿಗೇ ಹೊಂಗೆ, ಬಿಸಿಲು ಏರಿದ ಮೇಲೆ ಹುಣಸೆ. ಬೇವುಬೆಲ್ಲಕ್ಕೆಂದು ಹೂ ಬಿಡಿಸುವ ಕೈಗಿಂತ ಮೊದಲೇ ಜೇನು ಆ ಗೊಂಚಲನ್ನು ಮುಟ್ಟಿರುತ್ತದೆ.

ಹಿತ್ತಲನ್ನೇ ನೆಚ್ಚಿ ಬದುಕುವುದು ಕೋಲುಜೇನು. ನಿಂಬೆ, ದಾಳಿಂಬೆಯ ತೆಳು ಕಡ್ಡಿಗೆ ಅಂಗೈಯಗಲದ ಒಂದೇ ಹುಟ್ಟು ಕಟ್ಟುತ್ತದೆ. ಹತ್ತಿರ ಹೋಗಿ ನೋಡಿದರೆ ಹುಟ್ಟಿನ ಎರಡೂ ಬದಿಯಲ್ಲಿ ಕಡ್ಡಿಯ ಸುತ್ತ ಅಂಟಿನ ಪಟ್ಟಿ ಕಾಣುತ್ತದೆ. ಗಿಡಗಳಿಂದ ತಂದ ಆ ಅಂಟು ಇರುವೆಗೆ ಹಾಕಿದ ಬೇಲಿ. ಹೆಜ್ಜೇನಿನಂತೆ ಮೈಲುಗಟ್ಟಲೆ ಹಾರಿ ಮೇವು ತರುವ ಶಕ್ತಿ ಈ ಪುಟ್ಟ ಜೀವಕ್ಕಿಲ್ಲ. ಸುತ್ತಮುತ್ತ ಹೂವಿಲ್ಲದಿದ್ದರೆ ಗೂಡನ್ನೇ ಬಿಟ್ಟು ಹೋಗುತ್ತದೆ.

ಹೋದರೆ ನಷ್ಟ ರೈತನಿಗೇ. ಸೂರ್ಯಕಾಂತಿಯ ಪರಾಗ ಭಾರ, ಅಂಟಂಟು. ಗಾಳಿಗೆ ಹೆಚ್ಚು ಹಾರುವುದಿಲ್ಲ. ಜೇನು ಕೂರದ ತೆನೆಯಲ್ಲಿ ಜೊಳ್ಳೇ ಹೆಚ್ಚು. ಹೆಕ್ಟೇರಿಗೆ 5 ಜೇನುಪೆಟ್ಟಿಗೆ ಇಡಿ ಎಂದು ಕೃಷಿ ತಜ್ಞರು ಹೇಳುವುದು ಇದೇ ಕಾರಣಕ್ಕೆ. ಬೇಸಿಗೆ ದಾಟಿ ಉಳಿದ ಜೇನೇ ಮುಂದಿನ ಹಂಗಾಮಿನ ಸೂರ್ಯಕಾಂತಿಗೆ ಬರಬೇಕಲ್ಲವೇ?

ಜೇನನ್ನು ಬೇಸಿಗೆ ದಾಟಿಸಲು ದುಡ್ಡೇನೂ ಬೇಡ. ಕೊತ್ತಂಬರಿ, ಸಬ್ಬಸಿಗೆ ಮಡಿಯಲ್ಲಿ ನಾಲ್ಕು ಗಿಡ ಕೀಳದೆ ಹೂವಿಗೆ ಬಿಡಬೇಕು. ತುಳಸಿ, ಕಾಮಕಸ್ತೂರಿಯ ಕದಿರನ್ನು ಪೂರ್ತಿ ಚಿವುಟಬಾರದು. ಔಷಧಿ ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಸಂಜೆಗೆ ಹೊಡೆಯಬೇಕು. ನೆರಳಲ್ಲಿ ಒಂದು ತಟ್ಟೆ ನೀರಿಟ್ಟು, ಜೇನು ಮುಳುಗದಂತೆ ಅದರಲ್ಲಿ ಹರಳು ಹಾಕಬೇಕು. ವಿಶ್ವ ಜೇನುದಿನವಾದ ಮೇ 20ರ ಹೊತ್ತಿಗೆ ರಾಯಚೂರಿನ ಬಿಸಿಲು 40 ಡಿಗ್ರಿಯ ಆಸುಪಾಸು ಇರುತ್ತದೆ. ಹೂವಿನಷ್ಟೇ ನೀರೂ ಮುಖ್ಯ.

ನುಗ್ಗೆಯೇ ಇಲ್ಲದ ಮನೆಯವರು ಈ ಮುಂಗಾರಿನಲ್ಲೇ ಒಂದು ಬೀಜ ಊರಲಿ. ನುಗ್ಗೆಯ ಪಿಕೆಎಂ-1 ತಳಿ ಸುಮಾರು ಮೂರು-ನಾಲ್ಕು ತಿಂಗಳಿಗೆ ಹೂ ಬಿಡುತ್ತದೆ. ಬರುವ ಶಿವರಾತ್ರಿಗೆ ಮನೆಗೆ ಕಾಯಿ, ಜೇನಿಗೆ ಹೂವು.