ರೈಟ್ ಫ್ಲೈಯರ್

ರೈಟ್ ಫ್ಲೈಯರ್ ಅಮೆರಿಕದ ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್ ಸಹೋದರರು ನಿರ್ಮಿಸಿದ ಬೈಪ್ಲೇನ್, ಅಂದರೆ ಒಂದರ ಮೇಲೊಂದು ರೆಕ್ಕೆಗಳುಳ್ಳ ವಿಮಾನ. ಇದು 1903ರ ಡಿಸೆಂಬರ್ 17ರಂದು ಉತ್ತರ ಕೆರೊಲಿನಾ ರಾಜ್ಯದ ಕಿಟ್ಟಿ ಹಾಕ್ ಬಳಿಯ ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ಹಾರಿತು. ಗಾಳಿಗಿಂತ ಭಾರವಾದ, ಎಂಜಿನ್ ಚಾಲಿತ ಯಂತ್ರವೊಂದು ಚಾಲಕನ ನಿಯಂತ್ರಣದಲ್ಲಿ ನಡೆಸಿದ ಮೊದಲ ಹಾರಾಟವೆಂದು ಇದನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ತಮ್ಮ ದೇಹದ ಭಾರವನ್ನು ಅತ್ತಿತ್ತ ವಾಲಿಸಿ ಗ್ಲೈಡರ್‌ಗಳನ್ನು ನಿಯಂತ್ರಿಸುತ್ತಿದ್ದರು. 1896ರಲ್ಲಿ ಗ್ಲೈಡರ್ ಅಪಘಾತದಲ್ಲಿ ಅವರು ಮೃತಪಟ್ಟರು. ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು, ಎಂಜಿನ್‌ಗಿಂತಲೂ ಸಮತೋಲನವೇ ಹಾರಾಟದ ಕಠಿಣ ಸಮಸ್ಯೆ ಎಂದು ಮನಗಂಡರು. 1900ರಿಂದ 1902ರವರೆಗೆ ಮೂರು ಗ್ಲೈಡರ್‌ಗಳನ್ನು ಕಟ್ಟಿ ಹಾರಿಸಿದರು. 1901ರ ಗ್ಲೈಡರ್ ನಿರೀಕ್ಷಿಸಿದಷ್ಟು ಮೇಲೆತ್ತುವ ಬಲ ನೀಡದಿದ್ದಾಗ, ಸಣ್ಣ ವಾಯು ಸುರಂಗವೊಂದನ್ನು ನಿರ್ಮಿಸಿ ಸುಮಾರು 200 ರೆಕ್ಕೆಯ ಮಾದರಿಗಳನ್ನು ಪರೀಕ್ಷಿಸಿದರು.

ರಚನೆ

ಅಂದಿನ ತೆಳುವಾದ ಮರ ಮತ್ತು ಬಟ್ಟೆಯ ರೆಕ್ಕೆ ತಾನಾಗಿಯೇ ಗಟ್ಟಿಯಾಗಿರುತ್ತಿರಲಿಲ್ಲ. ಎರಡು ರೆಕ್ಕೆಗಳ ನಡುವೆ ಕಂಬಗಳನ್ನು ನಿಲ್ಲಿಸಿ ಕರ್ಣರೇಖೆಯಲ್ಲಿ ತಂತಿ ಬಿಗಿದರೆ, ಸೇತುವೆಯ ಚೌಕಟ್ಟಿನಂತೆ ಹಗುರವೂ ದೃಢವೂ ಆದ ರಚನೆ ದೊರೆಯುತ್ತಿತ್ತು. ಆಕ್ಟೇವ್ ಶಾನೂಟ್ 1896ರ ತಮ್ಮ ಗ್ಲೈಡರ್‌ನಲ್ಲಿ ಈ ವಿಧಾನವನ್ನು ಬಳಸಿದ್ದರು. ಆದರೆ ಕಂಬ ಮತ್ತು ತಂತಿಗಳು ಗಾಳಿಯ ತಡೆಯನ್ನು ಹೆಚ್ಚಿಸುತ್ತಿದ್ದವು.

ಫ್ಲೈಯರ್‌ನ ರೆಕ್ಕೆಗಳ ಹರವು 12.3 ಮೀಟರ್, ಚಾಲಕನಿಲ್ಲದ ತೂಕ 274 ಕಿಲೋಗ್ರಾಂ. ಚಾರ್ಲಿ ಟೇಲರ್ ತಯಾರಿಸಿದ ಸುಮಾರು 12 ಅಶ್ವಶಕ್ತಿಯ ಎಂಜಿನ್, ಸರಪಳಿಗಳ ಮೂಲಕ ರೆಕ್ಕೆಗಳ ಹಿಂದಿದ್ದ ಎರಡು ಪ್ರೊಪೆಲ್ಲರ್‌ಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗಿಸುತ್ತಿತ್ತು. ಚಾಲಕನು ಕೆಳ ರೆಕ್ಕೆಯ ಮೇಲೆ ಬೋರಲು ಮಲಗಿ, ಸೊಂಟವನ್ನು ಪಕ್ಕಕ್ಕೆ ಸರಿಸಿದಾಗ ರೆಕ್ಕೆಗಳ ತುದಿ ತಿರುಚಿಕೊಂಡು ಹಿಂಬದಿಯ ಚುಕ್ಕಾಣಿಯೂ ಜೊತೆಗೆ ತಿರುಗುತ್ತಿತ್ತು. ಮುಂಭಾಗದ ಅಡ್ಡ ಫಲಕಗಳು ವಿಮಾನದ ಮೂತಿಯನ್ನು ಏರಿಸಿ ಇಳಿಸುತ್ತಿದ್ದವು. ಹೀಗೆ ಮೂರೂ ಅಕ್ಷಗಳಲ್ಲಿ ನಿಯಂತ್ರಣ ಸಾಧ್ಯವಾಯಿತು.

ಹಾರಾಟಗಳು

ಡಿಸೆಂಬರ್ 14ರಂದು ವಿಲ್ಬರ್ ನಡೆಸಿದ ಪ್ರಯತ್ನ ವಿಫಲವಾಗಿ ವಿಮಾನಕ್ಕೆ ಹಾನಿಯಾಯಿತು. ದುರಸ್ತಿಯ ನಂತರ, 17ರಂದು ಬಲವಾದ ಎದುರುಗಾಳಿಯಲ್ಲಿ ಆರ್ವಿಲ್ 12 ಸೆಕೆಂಡುಗಳಲ್ಲಿ 120 ಅಡಿ ದೂರ ಹಾರಿದರು. ಅಂದು ಒಟ್ಟು ನಾಲ್ಕು ಹಾರಾಟಗಳು ನಡೆದವು. ಕೊನೆಯದರಲ್ಲಿ ವಿಲ್ಬರ್ 59 ಸೆಕೆಂಡುಗಳಲ್ಲಿ 852 ಅಡಿ ಕ್ರಮಿಸಿದರು. ಅನಂತರ ನೆಲದ ಮೇಲಿದ್ದ ವಿಮಾನವನ್ನು ಬಿರುಗಾಳಿ ಉರುಳಿಸಿತು. ಅದು ಮತ್ತೆಂದೂ ಹಾರಲಿಲ್ಲ.

ಮಾನ್ಯತೆಯ ವಿವಾದ

ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರ 'ಏರೋಡ್ರೋಮ್' ವಿಮಾನವು 1903ರಲ್ಲಿ ಎರಡು ಬಾರಿ ಪೊಟೋಮ್ಯಾಕ್ ನದಿಗೆ ಬಿದ್ದಿತ್ತು. 1914ರಲ್ಲಿ ಗ್ಲೆನ್ ಕರ್ಟಿಸ್ ಅದನ್ನು ಮಾರ್ಪಡಿಸಿ ಹಾರಿಸಿದರು. ಈ ಆಧಾರದ ಮೇಲೆ, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಲ್ಯಾಂಗ್ಲಿಯವರದೇ ಎಂದು ಸಂಸ್ಥೆ ಪ್ರತಿಪಾದಿಸಿತು. ಇದನ್ನು ಪ್ರತಿಭಟಿಸಿ ಆರ್ವಿಲ್ 1928ರಲ್ಲಿ ಫ್ಲೈಯರ್ ಅನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿದರು. 1942ರಲ್ಲಿ ಸಂಸ್ಥೆ ಮಾರ್ಪಾಡುಗಳ ವಿವರವನ್ನು ಪ್ರಕಟಿಸಿ ತನ್ನ ನಿಲುವನ್ನು ಹಿಂತೆಗೆದುಕೊಂಡಿತು. 1948ರ ಜನವರಿಯಲ್ಲಿ ಆರ್ವಿಲ್ ನಿಧನರಾದರು. ಅದೇ ವರ್ಷ ಡಿಸೆಂಬರ್ 17ರಂದು ಫ್ಲೈಯರ್ ಸ್ಮಿತ್ಸೋನಿಯನ್‌ನಲ್ಲಿ ಪ್ರದರ್ಶನಕ್ಕೆ ಬಂದಿತು.